ಹೆಸರಿಲ್ಲದವರಿಗೆ ಹೆಸರು ಹುಡುಕಿದ ಹವ್ಯಾಸಿಗಳು

ಧೂಮಕೇತುಗಳನ್ನು ಮೊದಲು ಕಂಡವರ ಪಟ್ಟಿಯಲ್ಲಿ ಹವ್ಯಾಸಿಗಳ ಹೆಸರುಗಳು ಬಹಳಷ್ಟಿವೆ. 1995ರಲ್ಲಿ ಹೇಲ್-ಬಾಪ್ ಧೂಮಕೇತುವನ್ನು ಗುರುತಿಸಿದ ಇಬ್ಬರಲ್ಲಿ ಥಾಮಸ್ ಬಾಪ್ ಅಂತಹವರು. ಹವ್ಯಾಸಿಗಳ ಬಳಿ ದೊಡ್ಡ ಉಪಕರಣಗಳು ಇಲ್ಲದಿದ್ದರೂ ಸಮಯ ಮತ್ತು ತಾಳ್ಮೆ ಇರುತ್ತವೆ. ಇದೇ ಬಂಡವಾಳದಿಂದ ಅಮೆರಿಕದ ಕೆಲವರು ವಿಧಿವಿಜ್ಞಾನದ ಒಂದು ಕಠಿಣ ಸಮಸ್ಯೆಗೂ ಕೈಹಾಕಿದರು. ಗುರುತು ಸಿಗದೆ ಮಣ್ಣಾದವರು ಯಾರು ಎಂಬುದೇ ಆ ಸಮಸ್ಯೆ. ಅಲ್ಲಿ ಇಂತಹ ಗಂಡಸರನ್ನು 'ಜಾನ್ ಡೋ', ಹೆಂಗಸರನ್ನು 'ಜೇನ್ ಡೋ' ಎಂದು ಕರೆಯುವುದು ರೂಢಿ. ಇಂತಹ ಅವಶೇಷಗಳು ಸುಮಾರು 40,000 ಇರಬಹುದೆಂದು ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆಯ ಪತ್ರಿಕೆ 2007ರಲ್ಲಿ ಅಂದಾಜು ಮಾಡಿತ್ತು. ಸತ್ತವರು ಯಾರೆಂದು ತಿಳಿಯದಿದ್ದರೆ ಕೊಲೆಯ ತನಿಖೆ ಮುಂದೆ ಸಾಗುವುದು ಕಷ್ಟ. ಮನೆಯವರ ಕಾಯುವಿಕೆಗೂ ಕೊನೆಯಿರುವುದಿಲ್ಲ.

ಡೇರೆಯ ಹುಡುಗಿ

1968ರ ಮೇ 17ರಂದು ಕೆಂಟಕಿ ರಾಜ್ಯದ ಜಾರ್ಜ್‌ಟೌನ್ ಬಳಿ, ಡೇರೆಗೆ ಬಳಸುವಂತಹ ಹಸಿರು ಬಟ್ಟೆಯಲ್ಲಿ ಸುತ್ತಿದ್ದ ಯುವತಿಯ ಶವವೊಂದು ಸಿಕ್ಕಿತು. ಪತ್ರಿಕೆಗಳು ಆಕೆಯನ್ನು 'ಡೇರೆಯ ಹುಡುಗಿ' ಎಂದು ಕರೆದವು. ವಯಸ್ಸು 16ರಿಂದ 19 ಎಂದು ಅಂದಾಜಿಸಲಾಯಿತು. ಅದನ್ನೇ ಸಮಾಧಿಯ ಕಲ್ಲಿನ ಮೇಲೂ ಕೆತ್ತಲಾಯಿತು.

ಟೆನೆಸ್ಸಿಯ ಕಾರ್ಖಾನೆಯ ಕೆಲಸಗಾರ ಟಾಡ್ ಮ್ಯಾಥ್ಯೂಸ್ ಈ ಕತೆಯನ್ನು ಕೇಳಿದ್ದು ಶವವನ್ನು ಮೊದಲು ಕಂಡ ವ್ಯಕ್ತಿಯಿಂದಲೇ. ಆ ವ್ಯಕ್ತಿ ಮುಂದೆ ಅವರಿಗೆ ಮಾವನಾದರು. ಮ್ಯಾಥ್ಯೂಸ್ ಸುಮಾರು ಹತ್ತು ವರ್ಷ ಹುಡುಕಿದರು. 1998ರ ಜನವರಿಯಲ್ಲಿ, ಕಾಣೆಯಾದ ಅಕ್ಕನನ್ನು ಅರಸುತ್ತಿದ್ದ ತಂಗಿಯೊಬ್ಬಳ ಪ್ರಕಟಣೆ ಅಂತರಜಾಲದಲ್ಲಿ ಅವರ ಕಣ್ಣಿಗೆ ಬಿತ್ತು. ಅಕ್ಕ 1967ರ ಕೊನೆಯ ಭಾಗದಲ್ಲಿ ಸಮೀಪದ ಲೆಕ್ಸಿಂಗ್ಟನ್ ನಗರದಿಂದ ಕಾಣೆಯಾಗಿದ್ದಳು. ಅಧಿಕಾರಿಗಳು ಸಮಾಧಿಯನ್ನು ಅಗೆಸಿ, ಡಿಎನ್ಎ ಹೋಲಿಕೆ ಮಾಡಿಸಿದಾಗ ಊಹೆ ನಿಜವಾಯಿತು. ಸಾಯುವಾಗ ಆಕೆಗೆ 24 ವರ್ಷ. ಹದಿಹರೆಯದವರ ಪಟ್ಟಿಯಲ್ಲಷ್ಟೇ ಹುಡುಕಿದವರಿಗೆ ಆಕೆ ಎಂದೂ ಸಿಗುತ್ತಿರಲಿಲ್ಲ. ಮನೆಯವರು ಹಳೆಯ ಕಲ್ಲಿನ ಕೆಳಗೆ ಆಕೆಯ ನಿಜವಾದ ಹೆಸರಿರುವ ಇನ್ನೊಂದು ಕಲ್ಲನ್ನು ಇರಿಸಿದರು.

ಎರಡು ಪಟ್ಟಿಗಳ ಗುಣಾಕಾರ

ಗುರುತಿಲ್ಲದ 1,000 ಶವಗಳು ಹಾಗೂ ಕಾಣೆಯಾದ 1,000 ಜನರ ವಿವರಗಳಿವೆ ಎಂದಿಟ್ಟುಕೊಳ್ಳಿ. ಒಂದೊಂದನ್ನೂ ಹೋಲಿಸಿ ನೋಡಲು 10 ಲಕ್ಷ ಜೋಡಿಗಳಾಗುತ್ತವೆ. ಕೈತುಂಬ ಬೇರೆ ಕೆಲಸವಿರುವ ಪೊಲೀಸ್ ಠಾಣೆಗೆ ಇದು ಭಾರ. 1990ರ ದಶಕದ ಕೊನೆಯಲ್ಲಿ ಹುಟ್ಟಿದ 'ಡೋ ನೆಟ್‌ವರ್ಕ್' ಎಂಬ ಸ್ವಯಂಸೇವಕರ ಬಳಗ ಈ ಭಾರವನ್ನು ಹಂಚಿಕೊಂಡಿತು. ಹಲ್ಲಿನ ಕಟ್ಟು, ಗಾಯದ ಕಲೆ, ಹಚ್ಚೆ, ಎತ್ತರ ಇವುಗಳನ್ನು ಹೋಲಿಸಿ, ಸಂಭವನೀಯ ಜೋಡಿಗಳನ್ನು ಅಧಿಕಾರಿಗಳಿಗೆ ತಿಳಿಸುವುದು ಅವರ ಕೆಲಸ. 2009ರ ವೇಳೆಗೆ ಸರ್ಕಾರವೇ 'ನೇಮಸ್' ಎಂಬ ದತ್ತಸಂಗ್ರಹದಲ್ಲಿ ಎರಡೂ ಪಟ್ಟಿಗಳನ್ನು ಜೋಡಿಸಿ, ಸಾರ್ವಜನಿಕರೂ ಹುಡುಕುವಂತೆ ಮಾಡಿತು.

ಅರ್ಧದ ಅರ್ಧ

ಕಾಣೆಯಾದವರ ಪಟ್ಟಿಯಲ್ಲೇ ಹೆಸರಿಲ್ಲದಿದ್ದರೆ? ಆಗ ಈ ವಿಧಾನ ನಡೆಯದು. 2017ರಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದ ಕಾಲೀನ್ ಫಿಟ್ಸ್‌ಪ್ಯಾಟ್ರಿಕ್ ಮತ್ತು ಪತ್ತೇದಾರಿ ಕಾದಂಬರಿಗಳನ್ನು ಬರೆದಿದ್ದ ಮಾರ್ಗರೆಟ್ ಪ್ರೆಸ್ ಸೇರಿ 'ಡಿಎನ್ಎ ಡೋ ಪ್ರಾಜೆಕ್ಟ್' ಆರಂಭಿಸಿದರು. ಪೊಲೀಸ್ ದತ್ತಸಂಗ್ರಹಕ್ಕಾಗಿ ಡಿಎನ್ಎಯ ಸುಮಾರು 20 ತಾಣಗಳನ್ನಷ್ಟೇ ನೋಡುತ್ತಾರೆ. ಇವರು ನೋಡಿದ್ದು ಲಕ್ಷಾಂತರ ತಾಣಗಳನ್ನು. ಆದ್ದರಿಂದ ದೂರದ ನಂಟನ್ನೂ ಗುರುತಿಸಬಹುದು.

ಲೆಕ್ಕ ಸರಳ. ಒಂದೊಂದು ತಲೆಮಾರಿಗೂ ಡಿಎನ್ಎ ಅರ್ಧದಷ್ಟು ಮಾತ್ರ ದಾಟುತ್ತದೆ. ಒಂದೇ ಅಜ್ಜ-ಅಜ್ಜಿಯ ಇಬ್ಬರು ಮೊಮ್ಮಕ್ಕಳು (ಒಡಹುಟ್ಟಿದವರಲ್ಲ) ಎಂದರೆ ನಡುವೆ ನಾಲ್ಕು ಹೆಜ್ಜೆಗಳು. ಒಬ್ಬ ಹಿರಿಯರ ಮೂಲಕ 1/16, ಇಬ್ಬರ ಮೂಲಕ 1/8, ಅಂದರೆ ಸರಾಸರಿ ಶೇ. 12.5 ಹಂಚಿಕೆ. ಒಂದೇ ಮುತ್ತಜ್ಜ-ಮುತ್ತಜ್ಜಿಯ ಮರಿಮಕ್ಕಳಲ್ಲಿ ಇದು ಸುಮಾರು ಶೇ. 3. ಹಂಚಿಕೆಯ ಪ್ರಮಾಣ ತಿಳಿದರೆ ಎಷ್ಟು ತಲೆಮಾರು ಹಿಂದಕ್ಕೆ ಹೋಗಬೇಕೆಂದು ಅಂದಾಜಿಸಿ, ವಂಶವೃಕ್ಷವನ್ನು ಕೆಳಮುಖವಾಗಿ ಬೆಳೆಸುತ್ತ ಬರಬಹುದು.

1981ರ ಏಪ್ರಿಲ್‌ನಲ್ಲಿ ಒಹಾಯೊ ರಾಜ್ಯದಲ್ಲಿ ಜಿಂಕೆಚರ್ಮದ ಅಂಗಿ ತೊಟ್ಟ ಯುವತಿಯೊಬ್ಬಳ ಶವ ಸಿಕ್ಕಿತ್ತು. ಆಗ ತೆಗೆದಿರಿಸಿದ್ದ ರಕ್ತದ ಡಿಎನ್ಎ ಬಹುಮಟ್ಟಿಗೆ ಕೆಟ್ಟಿತ್ತು. ಆದರೂ ಅದರ ವಿವರವನ್ನು ವಂಶಾವಳಿ ಆಸಕ್ತರ 'ಜೆಡ್‌ಮ್ಯಾಚ್' ಸಂಗ್ರಹಕ್ಕೆ ಸೇರಿಸಿದಾಗ, ಸೋದರ ಸಂಬಂಧಕ್ಕಿಂತ ಒಂದು ತಲೆಮಾರು ಆಚೆಯ ನಂಟರೊಬ್ಬರು ದೊರೆತರು. ನಾಲ್ಕೇ ಗಂಟೆಗಳಲ್ಲಿ ಹೆಸರು ಸಿಕ್ಕಿತು. 2018ರ ಏಪ್ರಿಲ್‌ನಲ್ಲಿ ಅದು ಅಧಿಕೃತವಾಗಿ ಪ್ರಕಟವಾಯಿತು. ಮಗಳು ಕರೆ ಮಾಡಬಹುದೆಂದು ತಾಯಿ 37 ವರ್ಷಗಳಿಂದ ದೂರವಾಣಿ ಸಂಖ್ಯೆಯನ್ನೂ ಬದಲಿಸಿರಲಿಲ್ಲವೆಂದು ವರದಿಯಾಗಿದೆ.

ಊಹೆ ಮತ್ತು ಪುರಾವೆ

ಈ ಎರಡೂ ಪ್ರಸಂಗಗಳಲ್ಲಿ ಒಂದು ಶಿಸ್ತನ್ನು ಗಮನಿಸಬೇಕು. ಹವ್ಯಾಸಿಗಳು ಕೊಟ್ಟದ್ದು ಪರೀಕ್ಷೆಗೆ ಒಡ್ಡಬಹುದಾದ ಊಹೆಯನ್ನು. ತೀರ್ಮಾನ ಬಂದದ್ದು ಪ್ರಯೋಗಾಲಯ ಮತ್ತು ಅಧಿಕಾರಿಗಳಿಂದ. ಮುಖದ ಹೋಲಿಕೆಯನ್ನೇ ನಂಬಿ ಹೆಸರು ಸಾರಿದರೆ, ಬದುಕಿರಬಹುದಾದ ಮಗಳನ್ನು ಒಂದು ಕುಟುಂಬ ಸತ್ತಳೆಂದು ಅಳುವಂತಾಗುತ್ತದೆ.

ಇನ್ನೊಂದು ಪ್ರಶ್ನೆಯೂ ಇದೆ. ನಂಟರೊಬ್ಬರು ತಮ್ಮ ಡಿಎನ್ಎ ವಿವರ ಕೊಟ್ಟರೆ, ಏನನ್ನೂ ಕೊಡದ ನಮ್ಮ ಗುರುತೂ ಭಾಗಶಃ ಬಯಲಾದಂತೆ. 2019ರ ಮೇ ತಿಂಗಳಲ್ಲಿ ಜೆಡ್‌ಮ್ಯಾಚ್, ಒಪ್ಪಿಗೆ ಕೊಟ್ಟವರ ವಿವರಗಳನ್ನಷ್ಟೇ ಪೊಲೀಸರ ಹುಡುಕಾಟಕ್ಕೆ ತೆರೆಯುವ ನಿಯಮ ತಂದದ್ದು ಈ ಆಕ್ಷೇಪದ ಹಿನ್ನೆಲೆಯಲ್ಲಿ. ಆ ನಿಯಮದಿಂದ ಹುಡುಕಾಟ ಕಠಿಣವಾಯಿತು. ಹೆಸರಿಲ್ಲದೆ ಸತ್ತವರ ಹಕ್ಕು ಮತ್ತು ಬದುಕಿರುವವರ ಗೋಪ್ಯತೆ, ಎರಡನ್ನೂ ತೂಗಿ ನೋಡುವ ಹೊಣೆ ಪ್ರಯೋಗಾಲಯದ್ದು ಮಾತ್ರವಲ್ಲ, ಸಮಾಜದ್ದೂ ಹೌದು.