ಟೇಕು ಕೊಟ್ಟ ಮನೆಗಳು

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕರಾವಳಿಯಲ್ಲಿ ಒಡೆದ ಹಂಚು ತೆಗೆದು, ಗೆದ್ದಲು ಹಿಡಿದ ಪಕ್ಕಾಸು ಬದಲಿಸುತ್ತಾರೆ. ಮನೆಯೂ ನಮ್ಮದು, ಖರ್ಚೂ ನಮ್ಮದು. ಮುಂಬೈಯ ಹಳೆ ಚಾಳುಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ ಕಟ್ಟಡ ಒಬ್ಬರದು, ವಾಸ ಇನ್ನೊಬ್ಬರದು, ರಿಪೇರಿ ಮೂರನೆಯವರದು.

ಇದಕ್ಕೊಂದು ಚರಿತ್ರೆಯಿದೆ. 1947ರ ಬಾಡಿಗೆ ಕಾಯ್ದೆಯು ಹಳೆ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಊರು ಬಿಟ್ಟು ಬಂದವರಿಗೆ ಅದು ದೊಡ್ಡ ಆಸರೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಗುಮಾಸ್ತರಾದ ನಮ್ಮ ಹುಡುಗರು ಒಂದು ಖೋಲಿ ಹಿಡಿದು ಸಂಸಾರ ಹೂಡಿದ್ದು ಇಂಥ ಬಾಡಿಗೆಯ ಬಲದಿಂದಲೇ. ಆದರೆ ಬಾಡಿಗೆ ಸುಣ್ಣ ಬಳಿಯಲಿಕ್ಕೂ ಸಾಲದಾದಾಗ ಮಾಲೀಕ ರಿಪೇರಿ ಬಿಟ್ಟ. ಪಗಡಿ ಕೊಟ್ಟು ಬಂದ ಬಾಡಿಗೆದಾರ, 'ಮಾಲೀಕನ ಕೆಲಸ ನಾನ್ಯಾಕೆ ಮಾಡಲಿ?' ಅಂದ. ಈ ನಡುವೆ ಉಪ್ಪುಗಾಳಿ ಕಬ್ಬಿಣವನ್ನೂ, ಸೋರುವ ಮೋರಿ ಮರದ ತೊಲೆಯನ್ನೂ ತಿನ್ನುತ್ತ ಬಂದವು.

ಕಟ್ಟಡಗಳು ಕುಸಿಯತೊಡಗಿದಾಗ 1969ರಲ್ಲಿ ಸರಕಾರ ಕಾನೂನು ಮಾಡಿ, ಸೆಸ್ ಹಾಕಿ, ಆ ದುಡ್ಡಿನಲ್ಲಿ ರಿಪೇರಿ ಮಾಡಿಸಲು ಮಂಡಳಿಯೊಂದನ್ನು ನಿಲ್ಲಿಸಿತು. ಆಗ ದ್ವೀಪನಗರದಲ್ಲಿ ಸೆಸ್ ಬಿದ್ದ ಕಟ್ಟಡಗಳು 19,642. ಅದರಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರಿಗಿಂತ ಹಿಂದಿನವು. ಮುಂದೆ ಈ ಮಂಡಳಿ ಮ್ಹಾಡಾದೊಳಗೆ ಸೇರಿತು. ಪ್ರತಿ ಮಳೆಗಾಲದ ಮುಂಚೆ ಇವರು ಸರ್ವೆ ಮಾಡಿ ಅತಿ ಅಪಾಯದ ಕಟ್ಟಡಗಳ ಪಟ್ಟಿ ಹೊರಡಿಸುತ್ತಾರೆ. ಬಾಗಿದ ಗ್ಯಾಲರಿಗೆ ಊರೆಗಂಬ ನಿಲ್ಲಿಸುವುದಕ್ಕೆ ಇಲ್ಲಿ 'ಟೇಕು' ಅನ್ನುತ್ತಾರೆ. ನಾಲ್ಕು ದಿನಕ್ಕೆಂದು ಕೊಟ್ಟ ಟೇಕು ವರ್ಷಗಟ್ಟಲೆ ನಿಂತಿರುತ್ತದೆ.

ನೋಟೀಸು ಬಂದರೂ ಜನ ಯಾಕೆ ಬಿಡುವುದಿಲ್ಲ ಎಂದು ಊರಿನವರು ಕೇಳುತ್ತಾರೆ. ಬಿಟ್ಟರೆ ದೂರದ ಟ್ರಾನ್ಸಿಟ್ ಕ್ಯಾಂಪು. ಅಲ್ಲಿಗೆ ಹೋದವರಲ್ಲಿ ಹಲವರು ದಶಕಗಳಾದರೂ ಮರಳಿಲ್ಲ. ಕುಸಿದರೆ ಎಂಬ ಭಯಕ್ಕಿಂತ, ಹಕ್ಕು ಹೋದರೆ ಎಂಬ ಭಯ ದೊಡ್ಡದು. 2017ರ ಆಗಸ್ಟ್ 31ರಂದು ಭೇಂಡಿಬಜಾರಿನ ಹುಸೇನಿ ಕಟ್ಟಡ ಬಿದ್ದು 33 ಜನ ಸತ್ತರು. ಅದು ಅಪಾಯಕಾರಿಯೆಂದು ಮೊದಲೇ ಘೋಷಿಸಲಾಗಿದ್ದ ಕಟ್ಟಡ. ಹಳೆಯದು ಮಾತ್ರ ಬೀಳುತ್ತದೆಂದೂ ಅಲ್ಲ. 2013ರಲ್ಲಿ ಡಾಕ್‌ಯಾರ್ಡ್ ರೋಡಿನಲ್ಲಿ ಬಿದ್ದದ್ದು ಪಾಲಿಕೆಯದೇ ಕಾಂಕ್ರೀಟು ಕಟ್ಟಡ, ಸತ್ತವರು 61. ಮೂವತ್ತು ವರ್ಷ ದಾಟಿದ ಕಟ್ಟಡವನ್ನು ಇಂಜಿನಿಯರಿಂದ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಅಷ್ಟರಲ್ಲಿ ಬಂದಿತ್ತು.

ಬೆಂಕಿಯದೂ ಇದೇ ಕತೆ. ಮರದ ತೊಲೆ, ಮರದ ಒಂದೇ ಏಣಿಮೆಟ್ಟಿಲು, ಅದರ ಕೆಳಗೆ ಮೀಟರುಗಳ ಗೊಂಚಲು, ಪಕ್ಕದಲ್ಲಿ ಸಾಮಾನಿನ ರಾಶಿ. 2015ರ ಮೇ 9ರಂದು ಕಾಲಬಾದೇವಿಯ ಹಳೆ ಕಟ್ಟಡದ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಅಧಿಕಾರಿಗಳ ಮೇಲೆ ಕಟ್ಟಡವೇ ಕುಸಿಯಿತು. ಮುಖ್ಯಾಧಿಕಾರಿ ಸುನಿಲ್ ನೇಸರಿಕರ್ ಸೇರಿ ನಾಲ್ವರು ತೀರಿಕೊಂಡರು. 2006ರ ಅಗ್ನಿಸುರಕ್ಷೆಯ ಕಾಯ್ದೆಯ ಪ್ರಕಾರ ಬೆಂಕಿ ಆರಿಸುವ ಸಲಕರಣೆ ಸರಿಯಿದೆಯೆಂದು ಜನವರಿ, ಜುಲೈಗಳಲ್ಲಿ ಸರ್ಟಿಫಿಕೇಟು ಕೊಡಬೇಕು. ಆದರೆ ಸಲಕರಣೆಯೇ ಇಲ್ಲದ ಚಾಳಿಗೆ ಯಾವ ಸರ್ಟಿಫಿಕೇಟು? ಅಲ್ಲಿ ಮೆಟ್ಟಿಲ ದಾರಿ ಖಾಲಿ ಇಡುವುದು, ಹಳೆ ವಯರು ಬದಲಿಸುವುದು, ಇದೇ ಮೊದಲ ರಕ್ಷಣೆ.

ಇಲ್ಲಿ ಕಾನೂನಿಗೆ ಕೊರತೆಯಿಲ್ಲ, ಸರ್ವೆಗೂ ಇಲ್ಲ. ಹೊರಗೆ ಹೋದವನಿಗೆ ಅದೇ ಜಾಗದಲ್ಲಿ ಮನೆ ಸಿಗುತ್ತದೆಂಬ ಭರವಸೆ ಮಾತ್ರ ಕಡಿಮೆ. ಅದು ಗಟ್ಟಿಯಾಗುವ ತನಕ ಜನ ಟೇಕಿನ ಕೆಳಗೇ ಚಾಪೆ ಹಾಸುತ್ತಾರೆ.