ಕೊಲ್ಲಿಯ ಎರಡು ದಡ: ಫಿನ್ಲೆಂಡ್ ಮತ್ತು ಎಸ್ಟೋನಿಯಾ

ಯುರೋಪಿನ ಉತ್ತರ ಭಾಗದಲ್ಲಿ ಫಿನ್ಲೆಂಡ್ ಕೊಲ್ಲಿ ಅಂತ ಒಂದು ಕೊಲ್ಲಿ ಇದೆ. ಅದರ ಒಂದು ದಡದಲ್ಲಿ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ, ಎದುರು ದಡದಲ್ಲಿ ಎಸ್ಟೋನಿಯಾದ ರಾಜಧಾನಿ ತಾಲಿನ್. ನಡುವೆ ಸುಮಾರು 80 ಕಿಲೋಮೀಟರ್ ನೀರು. ಫಿನ್ಲೆಂಡಿನಲ್ಲಿ ಸುಮಾರು 56 ಲಕ್ಷ ಜನ, ಎಸ್ಟೋನಿಯಾದಲ್ಲಿ 14 ಲಕ್ಷದೊಳಗೆ. ನಮ್ಮ ಕನ್ನಡ, ತುಳು ಇದ್ದ ಹಾಗೆ ಅವರ ಭಾಷೆಗಳೂ ಒಂದೇ ಮನೆತನದವು. ಒಂದು ದೇಶದ ಜನ ಚೆನ್ನಾಗಿ ಬದುಕುತ್ತಿದ್ದಾರೆ ಎನ್ನುವುದನ್ನು ಯಾವುದರಿಂದ ಅಳೆಯಬೇಕು ಎಂದು ವಿಚಾರ ಮಾಡುವಾಗ ನನಗೆ ನೆನಪಾಗುವುದು ಈ ಜೋಡಿ.

ಎರಡೂ ರಷ್ಯಾದ ಚಕ್ರವರ್ತಿಯ ಕೈಕೆಳಗೆ ಇದ್ದವು. ಫಿನ್ಲೆಂಡ್ 1917ರ ಡಿಸೆಂಬರ್ 6ರಂದು, ಎಸ್ಟೋನಿಯಾ 1918ರ ಫೆಬ್ರವರಿ 24ರಂದು ಸ್ವಾತಂತ್ರ್ಯ ಸಾರಿದವು. ಎರಡೂ ಬೇಸಾಯದ ನಾಡು. 1930ರ ದಶಕದಲ್ಲಿ ಎರಡೂ ಕಡೆಯ ಬದುಕಿನಲ್ಲಿ ಭಾರೀ ಅಂತರವೇನೂ ಇರಲಿಲ್ಲ. ಅಂತರ ಹುಟ್ಟಿದ್ದು ಯುದ್ಧದ ನಂತರ.

ಫಿನ್ಲೆಂಡ್ ಸೋವಿಯತ್ ಒಕ್ಕೂಟದೊಂದಿಗೆ ಹೋರಾಡಿ ಕರೇಲಿಯಾ ಪ್ರಾಂತ್ಯವನ್ನು ಕಳೆದುಕೊಂಡಿತು, ಆದರೆ ಸ್ವಾತಂತ್ರ್ಯವನ್ನು ಉಳಿಸಿಕೊಂಡಿತು. ಮನೆಮಠ ಬಿಟ್ಟು ಬಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನೆಲೆ ಒದಗಿಸಬೇಕಿತ್ತು. 1952ರ ತನಕ ಯುದ್ಧದಂಡವನ್ನೂ ಕಟ್ಟಬೇಕಾಯಿತು. ಇಷ್ಟು ಕಷ್ಟದ ನಡುವೆ ಅವರು ಮಾಡಿದ್ದೇನು ನೋಡಿ: ಶಾಲಾಮಕ್ಕಳಿಗೆ ಪುಕ್ಕಟೆ ಊಟದ ಕಾನೂನನ್ನು 1943ರಲ್ಲಿ ತಂದು 1948ರಿಂದ ಪೂರ್ತಿ ಜಾರಿ ಮಾಡಿದರು. ಹುಟ್ಟುವ ಮಗುವಿಗೆ ಬಟ್ಟೆಬರೆ ತುಂಬಿದ ಪೆಟ್ಟಿಗೆಯನ್ನು 1938ರಿಂದ ಬಡ ತಾಯಂದಿರಿಗೆ ಕೊಡುತ್ತಿದ್ದರು. 1949ರಿಂದ ಅದು ಎಲ್ಲ ತಾಯಂದಿರಿಗೂ ಆಯಿತು. ಪೆಟ್ಟಿಗೆ ಬೇಕಾದರೆ ಬಸುರಿ ತಪಾಸಣೆಗೆ ಹೋಗಲೇಬೇಕು. ಆರೋಗ್ಯ ಸುಧಾರಿಸಿದ ಗುಟ್ಟು ಅಲ್ಲೂ ಇದೆ. ದೇಶ ಶ್ರೀಮಂತವಾದ ಮೇಲೆ ಇದೆಲ್ಲ ಬಂದದ್ದಲ್ಲ, ಮೊದಲೇ ಬಂತು.

ಎಸ್ಟೋನಿಯಾಕ್ಕೆ ಅಂಥ ಅವಕಾಶ ಸಿಗಲಿಲ್ಲ. 1940ರಲ್ಲಿ ಸೋವಿಯತ್ ಸೇನೆ, 1941ರಲ್ಲಿ ಜರ್ಮನರು, 1944ರಲ್ಲಿ ಮತ್ತೆ ಸೋವಿಯತ್. 1949ರ ಮಾರ್ಚಿಯಲ್ಲಿ 20,000ಕ್ಕೂ ಹೆಚ್ಚು ಜನರನ್ನು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ರೈತರ ಹೊಲಗಳು ಸಾಮೂಹಿಕ ಬೇಸಾಯಕ್ಕೆ ಹೋದವು. ಶಾಲೆ, ಆಸ್ಪತ್ರೆ ಇರಲಿಲ್ಲ ಅಂತಲ್ಲ. ಆದರೆ ಉತ್ತರ ಎಸ್ಟೋನಿಯಾದವರು ಫಿನ್ಲೆಂಡಿನ ಟಿವಿ ನೋಡಿ, ಎದುರು ದಡದ ಬದುಕು ತಮ್ಮದಕ್ಕಿಂತ ಎಷ್ಟು ಮುಂದಿದೆ ಎಂದು ತಿಳಿಯುತ್ತಿದ್ದರು. 1991ರಲ್ಲಿ ಸ್ವಾತಂತ್ರ್ಯ ಮರಳಿತು. 1994ರಲ್ಲಿ ಅಲ್ಲಿನ ಗಂಡಸರ ಸರಾಸರಿ ಆಯುಸ್ಸು 61ರ ಆಸುಪಾಸು. ಫಿನ್ಲೆಂಡಿನಲ್ಲಿ 72 ದಾಟಿತ್ತು.

ಹಾಗಂತ ಎಸ್ಟೋನಿಯಾ ಸುಮ್ಮನೆ ಕೂರಲಿಲ್ಲ. 1996ರಲ್ಲೇ ಶಾಲೆಗಳಿಗೆ ಕಂಪ್ಯೂಟರ್ ಒದಗಿಸುವ ಯೋಜನೆ ಆರಂಭಿಸಿತು. ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಪರೀಕ್ಷೆಯಲ್ಲಿ, 2018ರಲ್ಲೂ 2022ರಲ್ಲೂ ಫಿನ್ಲೆಂಡನ್ನು ಹಿಂದೆ ಹಾಕಿತು. ಆದಾಯದಲ್ಲಿ, ಆಯುಸ್ಸಿನಲ್ಲಿ ಫಿನ್ಲೆಂಡೇ ಇನ್ನೂ ಮುಂದೆ.

ಗಡಿನಾಡಿನವರಾದ ನಮಗೆ ಇನ್ನೊಂದು ಅಳತೆಯೂ ಬೇಕು: ನೆರೆನಾಡಿನ ಭಾಷೆ ಆಡುವವರನ್ನು ಹೇಗೆ ನೋಡಿಕೊಳ್ಳುತ್ತಾರೆ? ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐದು ಮಂದಿ. 1919ರ ಸಂವಿಧಾನದಿಂದಲೇ ಅದು ಫಿನ್ನಿಷ್ ಜೊತೆಗೆ ರಾಷ್ಟ್ರಭಾಷೆ. ಒಂದು ಪುರಸಭೆಯ ವ್ಯಾಪ್ತಿಯಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇಕಡಾ 8 ಅಥವಾ 3,000 ಜನ ಇದ್ದರೆ ಅಲ್ಲಿ ಎರಡೂ ಭಾಷೆಗಳಲ್ಲಿ ಆಡಳಿತ ನಡೆಯಬೇಕು.

ಎಸ್ಟೋನಿಯಾ ಕೂಡ 1925ರಲ್ಲಿ ಅಲ್ಪಸಂಖ್ಯಾತರಿಗೆ ಸ್ವಂತ ಶಾಲೆ ನಡೆಸುವ ಹಕ್ಕು ಕೊಟ್ಟ ದೇಶ. ಆದರೆ 1934ರಲ್ಲಿ ಶೇಕಡಾ 88 ಇದ್ದ ಎಸ್ಟೋನಿಯನ್ನರು 1989ಕ್ಕೆ ಶೇಕಡಾ 61.5ಕ್ಕೆ ಇಳಿದಿದ್ದರು. ತಮ್ಮ ಭಾಷೆಯೇ ಅಳಿದೀತು ಎಂಬ ಭಯ ಹುಟ್ಟಿತು. ಸ್ವಾತಂತ್ರ್ಯದ ನಂತರ, ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದವರಿಗೆ ತಾನಾಗಿ ಪೌರತ್ವ ಸಿಗಲಿಲ್ಲ. ಭಾಷಾ ಪರೀಕ್ಷೆ ಪಾಸಾಗಬೇಕಿತ್ತು. ಈಗ ರಷ್ಯನ್ ಮಾಧ್ಯಮದ ಶಾಲೆಗಳೂ 2024ರಿಂದ ಹಂತಹಂತವಾಗಿ ಎಸ್ಟೋನಿಯನ್ ಮಾಧ್ಯಮಕ್ಕೆ ತಿರುಗುತ್ತಿವೆ.

ಆ ಭಯಕ್ಕೆ ಕಾರಣ ಇತ್ತು, ಒಪ್ಪುತ್ತೇನೆ. ಆದರೆ ಅಲ್ಲೇ ಹುಟ್ಟಿದ ರಷ್ಯನ್ ಮನೆಯ ಮಗು ಯಾರನ್ನೂ ಆಕ್ರಮಿಸಿಲ್ಲ. ಅದಕ್ಕೆ ರಾಜ್ಯಭಾಷೆಯನ್ನು ಚೆನ್ನಾಗಿ ಕಲಿಸಲಿ. ಮನೆಮಾತಿನ ಶಾಲೆಯೂ ಉಳಿಯಲಿ. ಜೀವನಮಟ್ಟದ ಪಟ್ಟಿಯಲ್ಲಿ ಆದಾಯ, ಆಯುಸ್ಸು, ಶಿಕ್ಷಣದ ಜೊತೆ ಇದಕ್ಕೂ ಒಂದು ಸಾಲು ಇರಬೇಕು. ಆ ಸಾಲಿನಲ್ಲಿ ನಾನು ಫಿನ್ಲೆಂಡಿಗೇ ಹೆಚ್ಚು ಅಂಕ ಕೊಡುತ್ತೇನೆ.