ಕ್ಯಾಸೆಟ್: ‘ನಿತ್ಯೋತ್ಸವ’, 1978

ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾದದ್ದು. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು. ರಾಗ ಸಂಯೋಜಿಸಿದವರು ಮೈಸೂರು ಅನಂತಸ್ವಾಮಿ (1936–1995).

ಪಿ. ಕಾಳಿಂಗರಾಯರು ವೇದಿಕೆಯಲ್ಲಿ ಬೆಳೆಸಿದ ಗಾಯನ ಹೀಗೆ ಮನೆಯ ಟೇಪ್‌ರೆಕಾರ್ಡರಿಗೆ ಬಂತು. ಬಸವನಗುಡಿ, ಚಾಮರಾಜಪೇಟೆಯ ಗಣೇಶನ ಪೆಂಡಾಲುಗಳಲ್ಲೂ ಭಾವಗೀತೆಗೆ ಜಾಗ ಸಿಕ್ಕಿತು. ಇಂದು ಶಾಲೆಗಳಲ್ಲಿ ನಾಡಗೀತೆ ಹಾಡುವುದೂ ಅನಂತಸ್ವಾಮಿಯವರ ಧಾಟಿಯಲ್ಲೇ. 2022ರಲ್ಲಿ ಸರ್ಕಾರ ಆ ಧಾಟಿಯನ್ನು ಅಧಿಕೃತಗೊಳಿಸಿ, ಹಾಡುವ ಅವಧಿ ಎರಡೂವರೆ ನಿಮಿಷ ಎಂದು ಗೊತ್ತುಮಾಡಿತು.

ಕ್ಯಾಸೆಟ್ಟಿನ ಒಳಗಿನ ಕಂದು ಪಟ್ಟಿ ಪಾಲಿಯೆಸ್ಟರ್. ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಅಗಲ 4 ಮಿಲಿಮೀಟರಿಗೂ ಕಡಿಮೆ.

ಹಿಂದಿನ ಅಂಚಿನ ಎರಡು ಚೌಕ ಕುಳಿಗಳನ್ನು ಗಮನಿಸಿ. ಇವು ತೆರೆದಿದ್ದರೆ ಮೇಲೆ ಇನ್ನೇನನ್ನೂ ರೆಕಾರ್ಡ್ ಮಾಡಲಾಗದು. ಕಾಗದ ತುರುಕಿದರೆ ಸಾಕು, ಆಗುತ್ತದೆ. ಎಷ್ಟೋ ಮನೆಗಳಲ್ಲಿ ಒಳ್ಳೊಳ್ಳೆಯ ಹಾಡುಗಳ ಮೇಲೆ ಮಕ್ಕಳ ತೊದಲುಮಾತು ಕೂತದ್ದು ಹೀಗೆ.